ಪರದೇಶದ ವಿಶ್ರಾಂತಿ, ಸ್ವದೇಶದ ರಾಜಕಾರಣ

ನಿವೃತ್ತನಾದ ಮೇಲೆ ಎಲ್ಲಿ ನೆಲೆಸುವುದು ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರವು ಬಹುಮಟ್ಟಿಗೆ ಸಿದ್ಧವಾಗಿಯೇ ಇರುತ್ತದೆ. ಹುಟ್ಟಿದ ಊರಿಗೆ ಹಿಂದಿರುಗುವುದು, ಇಲ್ಲವೇ ಮಕ್ಕಳು ಇರುವ ಪಟ್ಟಣವನ್ನು ಸೇರುವುದು. ಇವೆರಡನ್ನು ಬಿಟ್ಟು ಮೂರನೆಯ ದಾರಿಯನ್ನು ಯೋಚಿಸುವವರು ವಿರಳ. ಆದರೆ ಬ್ರಿಟನ್ನಿನಲ್ಲಿ ಈ ಮೂರನೆಯ ದಾರಿಯನ್ನು ಹಿಡಿದವರ ಸಂಖ್ಯೆ ಸಣ್ಣದಲ್ಲ. ಜೀವಮಾನವೆಲ್ಲ ಸ್ವದೇಶದಲ್ಲಿ ದುಡಿದು, ಪಿಂಚಣಿಯ ವಯಸ್ಸು ಬಂದೊಡನೆ ಇದ್ದ ಮನೆಯನ್ನು ಮಾರಿ, ಬಿಸಿಲು ಹೆಚ್ಚಾಗಿರುವ ಸ್ಪೇನ್ ದೇಶದ ಸಮುದ್ರತೀರದಲ್ಲಿ ಮನೆ ಕೊಂಡು ನೆಲೆಸಿದವರು ಅವರು. ವಾಸ ಸ್ಪೇನಿನಲ್ಲಾದರೂ ಅವರ ಕಿವಿ ಲಂಡನ್ನಿನ ಪಾರ್ಲಿಮೆಂಟಿನ ಕಡೆಗೇ ಇರುತ್ತದೆ. ಇದು ಕೇವಲ ಹುಟ್ಟಿದ ನಾಡಿನ ಹಂಬಲವೇ, ಅಥವಾ ಇದಕ್ಕೆ ಗಟ್ಟಿಯಾದ ಬೇರೆ ಕಾರಣವುಂಟೇ? ಉಂಟಾದರೆ, ಅಂಥವರಿಗೆ ತಾಯ್ನಾಡಿನಲ್ಲಿ ಮತದ ಹಕ್ಕು ಇರಬೇಕೇ? ಇರಬೇಕಾದರೆ ಎಷ್ಟು ಕಾಲ? ರಾಜ್ಯಶಾಸ್ತ್ರದ ವಿದ್ಯಾರ್ಥಿಯಾಗಿ ಈ ಪ್ರಶ್ನೆಗಳನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ವಲಸೆಯ ಹಿನ್ನೆಲೆ

ಮೊದಲು ಈ ವಲಸೆ ಹೇಗೆ ಬೆಳೆಯಿತೆಂಬುದನ್ನು ನೋಡೋಣ. 1960ರ ದಶಕದಲ್ಲಿ ವಿಮಾನದ ಟಿಕೀಟು, ಹೋಟೆಲಿನ ವಸತಿ ಎರಡನ್ನೂ ಒಂದೇ ಬೆಲೆಗೆ ಕೊಡುವ ಪ್ರವಾಸದ ಏರ್ಪಾಡುಗಳು ಬ್ರಿಟನ್ನಿನಲ್ಲಿ ಜನಪ್ರಿಯವಾದವು. ಕಾರ್ಖಾನೆಯ ಕೆಲಸಗಾರನೂ ಬೇಸಗೆಯಲ್ಲಿ ಒಂದೆರಡು ವಾರ ಸ್ಪೇನಿನ ಕಡಲತೀರಕ್ಕೆ ಹೋಗಿಬರುವುದು ಸಾಧ್ಯವಾಯಿತು. ಹೀಗೆ ಮಾಲಗದ ಸುತ್ತಣ ಕೋಸ್ತಾ ದೆಲ್ ಸೋಲ್, ಅಲಿಕಾಂತೆಯ ಸುತ್ತಣ ಕೋಸ್ತಾ ಬ್ಲಾಂಕಾ ಎಂಬ ತೀರಗಳು ಅವರಿಗೆ ಪರಿಚಿತವಾದವು. ರಜೆಗೆಂದು ಕಂಡ ಊರಿಗೆ ವಿಶ್ರಾಂತಿಗೆಂದು ಬರುವವರು ಕ್ರಮೇಣ ಹೆಚ್ಚಿದರು. 1986ರ ಜನವರಿ 1ರಂದು ಸ್ಪೇನ್ ಯೂರೋಪಿನ ಸಮುದಾಯವನ್ನು ಸೇರಿತು. 1990ರಲ್ಲಿ ಆ ಸಮುದಾಯವು, ಸಾಕಾಗುವಷ್ಟು ಪಿಂಚಣಿಯೂ ಕಾಯಿಲೆಯ ವಿಮೆಯೂ ಉಳ್ಳ ನಿವೃತ್ತರು ಯಾವ ಸದಸ್ಯ ರಾಷ್ಟ್ರದಲ್ಲಾದರೂ ನೆಲೆಸಬಹುದೆಂಬ ನಿಯಮವನ್ನು ಹೊರಡಿಸಿತು. 2016ರ ವೇಳೆಗೆ ಸ್ಪೇನಿನಲ್ಲಿ ನೆಲೆಸಿದ್ದ ಬ್ರಿಟಿಷ್ ಪ್ರಜೆಗಳ ಸಂಖ್ಯೆ ಸುಮಾರು 3 ಲಕ್ಷ. ಅವರಲ್ಲಿ ಮೂರರಲ್ಲೊಂದು ಪಾಲಿನಷ್ಟು ಮಂದಿ 65 ವರ್ಷ ದಾಟಿದವರು.

ಇವರು ತಾಯ್ನಾಡಿನ ಸುದ್ದಿಯನ್ನು ಬಿಟ್ಟವರಲ್ಲ. ಮಾಲಗದಲ್ಲಿ 1984ರಿಂದಲೇ 'ಸುರ್ ಇನ್ ಇಂಗ್ಲಿಷ್' ಎಂಬ ಇಂಗ್ಲಿಷ್ ಪತ್ರಿಕೆ ಹೊರಡುತ್ತ ಬಂದಿದೆ. ಮನೆಯ ಮಾಳಿಗೆಯ ಮೇಲೆ ದೊಡ್ಡ ಡಿಷ್ ನಿಲ್ಲಿಸಿ ಬ್ರಿಟನ್ನಿನ ದೂರದರ್ಶನವನ್ನು ನೋಡುವ ಪದ್ಧತಿ ಬಹಳ ಕಾಲ ನಡೆಯಿತು. 2014ರಲ್ಲಿ ಬಿ.ಬಿ.ಸಿ. ಮೊದಲಾದ ಸಂಸ್ಥೆಗಳು ತಮ್ಮ ಪ್ರಸಾರವನ್ನು, ಬ್ರಿಟನ್ನಿಗೇ ಬಹುಮಟ್ಟಿಗೆ ಸೀಮಿತವಾಗಿ ಅಲೆಗಳನ್ನು ಬೀರುವ ಹೊಸ ಉಪಗ್ರಹಕ್ಕೆ ಬದಲಾಯಿಸಿದಾಗ ಸ್ಪೇನಿನ ಅನೇಕ ಮನೆಗಳಲ್ಲಿ ಆ ಕಾರ್ಯಕ್ರಮಗಳು ನಿಂತುಹೋದವು. ಅನಂತರ ಇಂಟರ್‌ನೆಟ್ಟಿನ ಮೂಲಕ ಅದೇ ಸುದ್ದಿಯನ್ನು ಅವರು ಹುಡುಕಿಕೊಂಡರು. ಇಷ್ಟು ಶ್ರಮ ವಹಿಸಿ ಸುದ್ದಿಯನ್ನು ಹಿಂಬಾಲಿಸಲು ಕಾರಣವೇನು?

ಪಾರ್ಲಿಮೆಂಟಿನ ಕೈ ಎಷ್ಟು ಉದ್ದ?

ಕಾರಣ ಸರಳವಾದದ್ದು. ದೇಶವನ್ನು ಬಿಟ್ಟುಬಂದರೂ ಅವರ ಅನ್ನದ ಪ್ರಶ್ನೆ ಇನ್ನೂ ಬ್ರಿಟಿಷ್ ಪಾರ್ಲಿಮೆಂಟಿನ ಕೈಯಲ್ಲಿಯೇ ಇದೆ. ಇದಕ್ಕೆ ನಾಲ್ಕು ಉದಾಹರಣೆಗಳನ್ನು ಕೊಡಬಹುದು.

ಮೊದಲನೆಯದು ಪಿಂಚಣಿಯ ಏರಿಕೆ. ಬ್ರಿಟನ್ನಿನ ರಾಜ್ಯ ಪಿಂಚಣಿ ಪ್ರತಿ ವರ್ಷ ಹೆಚ್ಚುತ್ತದೆ. ಸ್ಪೇನ್ ಮೊದಲಾದ ಯೂರೋಪಿನ ರಾಷ್ಟ್ರಗಳಲ್ಲಿ ಇರುವವರಿಗೂ ಈ ಏರಿಕೆ ಸಲ್ಲುತ್ತದೆ. ಆದರೆ ಏರಿಕೆಯ ಬಗ್ಗೆ ಒಪ್ಪಂದವಿಲ್ಲದ ದೇಶಗಳಲ್ಲಿ, ಎಂದರೆ ಭಾರತ, ಆಸ್ಟ್ರೇಲಿಯ, ಕೆನಡ, ನ್ಯೂಜಿಲೆಂಡ್ ಮೊದಲಾದ ಕಡೆ ನೆಲೆಸಿದವರ ಪಿಂಚಣಿ ಮೊದಲು ಎಷ್ಟಿತ್ತೋ ಅಷ್ಟರಲ್ಲಿಯೇ ನಿಂತುಬಿಡುತ್ತದೆ. ಒಂದು ಲೆಕ್ಕ ನೋಡಿ. 2016ರಲ್ಲಿ ಪೂರ್ಣ ಪಿಂಚಣಿ ವಾರಕ್ಕೆ 155 ಪೌಂಡು 65 ಪೆನ್ಸ್ ಇತ್ತು. 2025ರ ಏಪ್ರಿಲಿನಲ್ಲಿ ಅದು 230 ಪೌಂಡು 25 ಪೆನ್ಸಿಗೆ ಏರಿತು. 2016ರಲ್ಲಿ ಒಟ್ಟಿಗೆ ನಿವೃತ್ತರಾದ ಇಬ್ಬರು ಗೆಳೆಯರಲ್ಲಿ ಒಬ್ಬನು ಸ್ಪೇನಿಗೂ ಮತ್ತೊಬ್ಬನು ಭಾರತಕ್ಕೂ ಹೋಗಿ ನೆಲೆಸಿದ್ದರೆ, ಒಂಬತ್ತು ವರ್ಷಗಳಲ್ಲಿ ಅವರಿಬ್ಬರ ನಡುವೆ ವಾರಕ್ಕೆ 74 ಪೌಂಡು 60 ಪೆನ್ಸಿನ, ವರ್ಷಕ್ಕೆ 3,800 ಪೌಂಡಿಗೂ ಮಿಕ್ಕಿದ ವ್ಯತ್ಯಾಸ ಬಿದ್ದಿರುತ್ತದೆ. ಇಬ್ಬರೂ ಕಟ್ಟಿದ ವಂತಿಗೆ ಒಂದೇ. ಬ್ರಿಟನ್ನಿನಲ್ಲಿ ದುಡಿದು ನಮ್ಮ ನಾಡಿಗೆ ಮರಳಿ ನೆಲೆಸುವ ಕನ್ನಡಿಗನಿಗೂ ಇದೇ ನಿಯಮ ಅನ್ವಯಿಸುತ್ತದೆ. ಹೀಗೆ ಪಿಂಚಣಿ ನಿಂತುಹೋದವರು 4 ಲಕ್ಷಕ್ಕೂ ಹೆಚ್ಚು ಮಂದಿ ಇದ್ದಾರೆ. ದಕ್ಷಿಣ ಆಫ್ರಿಕದಲ್ಲಿ ನೆಲೆಸಿದ್ದ ಆ್ಯನೆಟ್ ಕಾರ್ಸನ್ ಎಂಬಾಕೆ ಇದನ್ನು ಪ್ರಶ್ನಿಸಿ ಬ್ರಿಟನ್ನಿನ ಅತ್ಯುಚ್ಚ ನ್ಯಾಯಪೀಠದವರೆಗೆ ಹೋಗಿ 2005ರಲ್ಲಿ ಸೋತರು. ಸ್ಟ್ರಾಸ್‌ಬರ್ಗಿನಲ್ಲಿರುವ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿಯೂ 2010ರಲ್ಲಿ ಸೋತರು. ಇದು ಶಾಸನಸಭೆ ತೀರ್ಮಾನಿಸಬೇಕಾದ ವಿಷಯವೆಂಬುದೇ ನ್ಯಾಯಾಲಯಗಳ ನಿಲುವಿನ ಸಾರವಾಗಿತ್ತು. ನ್ಯಾಯಾಲಯವು ಶಾಸನಸಭೆಯ ಕಡೆ ಕೈ ತೋರಿದ ಮೇಲೆ, ಆ ಸಭೆಗೆ ಸದಸ್ಯರನ್ನು ಆರಿಸುವ ಹಕ್ಕೂ ಇಲ್ಲದವನು ಎಲ್ಲಿಗೆ ಹೋಗಬೇಕು?

ಎರಡನೆಯದು ಚಳಿಗಾಲದ ಇಂಧನ ಭತ್ಯ. ಸ್ಪೇನಿನಲ್ಲಿದ್ದ ಅರ್ಹ ವೃದ್ಧರಿಗೂ ಇದು ದೊರೆಯುತ್ತಿತ್ತು. 2015ರ ಚಳಿಗಾಲದಿಂದ, ಇಂಗ್ಲೆಂಡಿನ ನೈಋತ್ಯ ಭಾಗಕ್ಕಿಂತ ಬೆಚ್ಚಗಿರುವ ದೇಶಗಳೆಂದು ಲೆಕ್ಕ ಹಾಕಿ, ಸ್ಪೇನ್, ಪೋರ್ಚುಗಲ್, ಗ್ರೀಸ್, ಫ್ರಾನ್ಸ್ ಮುಂತಾದ ಕಡೆ ಇದ್ದವರಿಗೆ ಸರ್ಕಾರ ಅದನ್ನು ನಿಲ್ಲಿಸಿತು.

ಮೂರನೆಯದು ತೆರಿಗೆ. ಬ್ರಿಟನ್ನಿಗೂ ಸ್ಪೇನಿಗೂ ಇರುವ ತೆರಿಗೆ ಒಪ್ಪಂದದಂತೆ, ಸೈನ್ಯ, ಪೊಲೀಸು, ಸರ್ಕಾರಿ ಕಚೇರಿ ಮೊದಲಾದ ಸೇವೆಗಳಿಂದ ನಿವೃತ್ತರಾದ ಬ್ರಿಟಿಷರ ಸೇವಾ ಪಿಂಚಣಿಗೆ ಸಾಮಾನ್ಯವಾಗಿ ಬ್ರಿಟನ್ನಿನಲ್ಲಿಯೇ ತೆರಿಗೆ ಹಾಕಲಾಗುತ್ತದೆ. ಎಂದರೆ ಇಪ್ಪತ್ತು ವರ್ಷ ಸ್ಪೇನಿನಲ್ಲಿದ್ದರೂ ಆತನು ಲಂಡನ್ನಿನ ಬೊಕ್ಕಸಕ್ಕೆ ತೆರಿಗೆ ಕಟ್ಟುವವನೇ ಹೌದು.

ನಾಲ್ಕನೆಯದು ನಾಣ್ಯದ ಬೆಲೆ. ಪಿಂಚಣಿ ಬರುವುದು ಪೌಂಡಿನಲ್ಲಿ. ಅಂಗಡಿಯಲ್ಲಿ ಕೊಡಬೇಕಾದದ್ದು ಯೂರೋ. 2016ರ ಜೂನ್ 23ರ ಜನಮತಗಣನೆಯ ದಿನ ಒಂದು ಪೌಂಡಿಗೆ ಸುಮಾರು 1.30 ಯೂರೋ ಸಿಗುತ್ತಿತ್ತು. ಅದೇ ಅಕ್ಟೋಬರ್ ವೇಳೆಗೆ ಅದು ಸುಮಾರು 1.11ಕ್ಕೆ ಇಳಿದಿತ್ತು. ಮೇಲೆ ಹೇಳಿದ 155 ಪೌಂಡು 65 ಪೆನ್ಸಿಗೆ ಮೊದಲು 202 ಯೂರೋ ಬರುತ್ತಿದ್ದರೆ ಈಗ 173 ಬಂತು. ಪಿಂಚಣಿಯಲ್ಲಿ ಒಂದು ಪೆನ್ನಿಯೂ ಕಡಮೆಯಾಗದೆ ವಾರಕ್ಕೆ 29 ಯೂರೋ ಕರಗಿಹೋಯಿತು.

ಈ ನಾಲ್ಕನ್ನೂ ಒಟ್ಟಿಗೆ ನೋಡಿದರೆ, ಪರದೇಶದಲ್ಲಿರುವ ವೃದ್ಧರು ಸ್ವದೇಶದ ರಾಜಕಾರಣವನ್ನು ಹಿಂಬಾಲಿಸುವುದು ಹೊತ್ತು ಕಳೆಯುವ ಹವ್ಯಾಸವಲ್ಲವೆಂಬುದು ಸ್ಪಷ್ಟವಾಗುತ್ತದೆ. ಮಳೆಯನ್ನು ನೋಡುವ ರೈತನಂತೆ ಅವರು ಪಾರ್ಲಿಮೆಂಟನ್ನು ನೋಡುತ್ತಾರೆ.

ಐದು, ಇಪ್ಪತ್ತು, ಹದಿನೈದು

ಇನ್ನು ಮತದ ಹಕ್ಕಿನ ಇತಿಹಾಸಕ್ಕೆ ಬರೋಣ. 1985ಕ್ಕೆ ಮುಂಚೆ ಸೈನಿಕರು, ಸರ್ಕಾರಿ ಸೇವಕರು ಮೊದಲಾದವರನ್ನು ಬಿಟ್ಟರೆ ಪರದೇಶದಲ್ಲಿ ನೆಲೆಸಿದ ಬ್ರಿಟಿಷರಿಗೆ ಮತವಿರಲಿಲ್ಲ. 1985ರ ಜನಪ್ರಾತಿನಿಧ್ಯ ಕಾಯಿದೆಯು ದೇಶ ಬಿಟ್ಟ 5 ವರ್ಷಗಳವರೆಗೆ ಆ ಹಕ್ಕನ್ನು ಕೊಟ್ಟಿತು. 1989ರಲ್ಲಿ ಅದನ್ನು 20 ವರ್ಷಕ್ಕೆ ಏರಿಸಲಾಯಿತು. 2000ದ ಕಾಯಿದೆಯು ಅದನ್ನು 15ಕ್ಕೆ ಇಳಿಸಿತು. ಇದು 2002ರಿಂದ ಜಾರಿಗೆ ಬಂದಿತು. ಕಾಲ ಕಳೆದಂತೆ ಪ್ರಜೆಗೂ ದೇಶಕ್ಕೂ ಇರುವ ನಂಟು ಸಡಿಲವಾಗುತ್ತದೆ ಎಂಬುದು ಇಂಥ ಮಿತಿಯ ಹಿಂದಿನ ವಾದ. ಆದರೆ ಒಂದೇ ಪಾರ್ಲಿಮೆಂಟು ಹದಿನೈದು ವರ್ಷಗಳಲ್ಲಿ ಮೂರು ಬಗೆಯ ಅಂಕಿಗಳನ್ನು ಹೇಳಿದ್ದನ್ನು ನೋಡಿದರೆ, ನಂಟನ್ನು ಅಳೆಯುವ ಕೋಲು ಅದರ ಬಳಿ ಇರಲಿಲ್ಲವೆಂದೇ ಹೇಳಬೇಕಾಗುತ್ತದೆ.

ಈ ಮಿತಿಯ ವಿರುದ್ಧ ಹೋರಾಡಿದವರಲ್ಲಿ ಹ್ಯಾರಿ ಶಿಂಡ್ಲರ್ ಎಂಬವರ ಹೆಸರು ಮುಖ್ಯವಾದದ್ದು. 1921ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಇವರು ಎರಡನೆಯ ಮಹಾಯುದ್ಧದಲ್ಲಿ, 1944ರಲ್ಲಿ ಇಟಲಿಯ ಆಂಜಿಯೋ ತೀರದಲ್ಲಿ ಇಳಿದ ಸೈನ್ಯದಲ್ಲಿದ್ದರು. 1982ರಲ್ಲಿ ನಿವೃತ್ತರಾಗಿ ಅದೇ ಇಟಲಿಯಲ್ಲಿ ನೆಲೆಸಿದರು. ಬ್ರಿಟನ್ನಿನ ಲೇಬರ್ ಪಕ್ಷದ ಅತಿ ಹಳೆಯ ಸದಸ್ಯರಲ್ಲಿ ಒಬ್ಬರಾಗಿದ್ದೂ ಅವರಿಗೆ ಮತವಿರಲಿಲ್ಲ. ಸ್ಟ್ರಾಸ್‌ಬರ್ಗಿನ ನ್ಯಾಯಾಲಯಕ್ಕೆ ಹೋದರು; 2013ರ ಮೇ ತಿಂಗಳಲ್ಲಿ ಅಲ್ಲಿ ಸೋತರು. 2016ರಲ್ಲಿ ಯೂರೋಪಿನ ಒಕ್ಕೂಟದಲ್ಲಿ ಇರಬೇಕೇ ಬಿಡಬೇಕೇ ಎಂಬ ಜನಮತಗಣನೆ ಗೊತ್ತಾದಾಗ, ಅದರಲ್ಲಿಯಾದರೂ ಮತ ಬೇಕೆಂದು ಲಂಡನ್ನಿನ ಹೈಕೋರ್ಟನ್ನು ಕೇಳಿದರು. ಹೈಕೋರ್ಟೂ ಮೇಲಿನ ನ್ಯಾಯಾಲಯಗಳೂ ಒಪ್ಪಲಿಲ್ಲ.

ಆ ಜನಮತಗಣನೆಯಲ್ಲಿ ಒಕ್ಕೂಟವನ್ನು ಬಿಡಬೇಕೆಂದವರು 1 ಕೋಟಿ 74 ಲಕ್ಷ, ಉಳಿಯಬೇಕೆಂದವರು 1 ಕೋಟಿ 61 ಲಕ್ಷ. ಅಂತರ ಸುಮಾರು 12 ಲಕ್ಷ 70 ಸಾವಿರ. ಇಲ್ಲಿ ನಮ್ಮ ಗಮನಕ್ಕೆ ಬರಬೇಕಾದ ಒಂದು ಸಂಗತಿಯಿದೆ. ಬ್ರಿಟನ್ನಿನಲ್ಲಿ ವಾಸವಾಗಿರುವ ಕಾಮನ್‌ವೆಲ್ತ್ ರಾಷ್ಟ್ರಗಳ ಪ್ರಜೆಗಳಿಗೆ ಅಲ್ಲಿ ಮತದ ಹಕ್ಕಿದೆ. ಈ ಜನಮತಗಣನೆಯಲ್ಲಿಯೂ ಇತ್ತು. ಆದುದರಿಂದ ಭಾರತದ ಪಾಸ್‌ಪೋರ್ಟನ್ನು ಇಟ್ಟುಕೊಂಡು ಲಂಡನ್ನಿನಲ್ಲಿ ನೌಕರಿಗಿದ್ದ ಕನ್ನಡಿಗ ತರುಣನೊಬ್ಬನು ಬ್ರಿಟನ್ನಿನ ಭವಿಷ್ಯದ ಬಗ್ಗೆ ಮತ ಹಾಕಬಹುದಾಗಿತ್ತು. ಹದಿನಾರು ವರ್ಷದ ಹಿಂದೆ ಸ್ಪೇನಿಗೆ ಹೋಗಿ ನೆಲೆಸಿದ ಬ್ರಿಟಿಷ್ ವೃದ್ಧನು, ತನ್ನ ವಾಸದ ಹಕ್ಕೇ ಪಣಕ್ಕೆ ಬಿದ್ದಿದ್ದರೂ, ಮತ ಹಾಕುವಂತಿರಲಿಲ್ಲ. ನಮ್ಮವನಿಗೆ ಕೊಟ್ಟದ್ದು ತಪ್ಪೆಂದು ನಾನು ಹೇಳುವುದಿಲ್ಲ. ನೆಲವನ್ನು ಆಧಾರ ಮಾಡಿಕೊಂಡ ನಿಯಮವು ಒಬ್ಬನಿಗೆ ಉದಾರವಾಗಿಯೂ ಮತ್ತೊಬ್ಬನಿಗೆ ಕಠಿಣವಾಗಿಯೂ ಇರುತ್ತದೆ ಎಂಬುದಷ್ಟೇ ನನ್ನ ಮಾತು.

2020ರ ಜನವರಿ 31ರಂದು ಬ್ರಿಟನ್ ಒಕ್ಕೂಟವನ್ನು ಬಿಟ್ಟಿತು. ಆ ವರ್ಷದ ಕೊನೆಯೊಳಗೆ ಕ್ರಮಬದ್ಧವಾಗಿ ನೆಲೆಸಿದ್ದವರ ವಾಸ, ವೈದ್ಯಕೀಯ ಸೌಲಭ್ಯಗಳನ್ನು ಒಪ್ಪಂದವು ಕಾಪಾಡಿತು. ಹೊಸಬರಿಗೆ ಮಾತ್ರ ಬಾಗಿಲು ಕಿರಿದಾಯಿತು. ದುಡಿಮೆಯಿಲ್ಲದೆ ಸ್ಪೇನಿನಲ್ಲಿ ನೆಲೆಸಬಯಸುವ ಹೊರಗಿನವನು 2025ರಲ್ಲಿ ತಿಂಗಳಿಗೆ 2,400 ಯೂರೋ ಆದಾಯವನ್ನು ತೋರಿಸಬೇಕಾಗಿತ್ತು. ಆ ವರ್ಷದ ಪೂರ್ಣ ರಾಜ್ಯ ಪಿಂಚಣಿ ತಿಂಗಳಿಗೆ ಸುಮಾರು 1,000 ಪೌಂಡು; ಯೂರೋಗೆ ಬದಲಾಯಿಸಿದರೆ ಅಗತ್ಯವಾದುದರ ಅರ್ಧದಷ್ಟೇ. ಒಂದು ಕಾಲಕ್ಕೆ ಸಾಮಾನ್ಯ ಕೆಲಸಗಾರನೂ ಕಾಣಬಹುದಾಗಿದ್ದ ಬಿಸಿಲಿನ ಮುಪ್ಪು ಈಗ ಉಳ್ಳವರ ಪಾಲಾಗಿದೆ.

ಕೊನೆಗೆ 2022ರ ಏಪ್ರಿಲಿನಲ್ಲಿ ಹೊಸ ಚುನಾವಣಾ ಕಾಯಿದೆ ಅಂಗೀಕಾರವಾಗಿ 15 ವರ್ಷದ ಮಿತಿ ರದ್ದಾಯಿತು. ಆದರೆ ಆ ಭಾಗ ಜಾರಿಗೆ ಬಂದದ್ದು 2024ರ ಜನವರಿ 16ರಂದು. ಶಿಂಡ್ಲರ್ ಅವರು 2023ರ ಫೆಬ್ರುವರಿಯಲ್ಲಿ, 101ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಗಾದೆಗೆ ಇದಕ್ಕಿಂತ ನೋವಿನ ಉದಾಹರಣೆ ಬೇಕಿಲ್ಲ. 2024ರ ಜುಲೈ 4ರ ಮಹಾಚುನಾವಣೆಯಲ್ಲಿ ಹೊಸ ನಿಯಮದಂತೆ ಮತದಾನ ನಡೆಯಿತು. ಹಕ್ಕುಳ್ಳವರು 30 ಲಕ್ಷಕ್ಕೂ ಹೆಚ್ಚೆಂದು ಅಂದಾಜಿದ್ದರೂ ಹೆಸರು ನೋಂದಾಯಿಸಿದವರು 2 ಲಕ್ಷದ ಆಸುಪಾಸು ಮಾತ್ರ. ಅಂಚೆಯ ಮೂಲಕ ಬರಬೇಕಾದ ಮತಪತ್ರ ಹಲವರಿಗೆ ತೀರ ತಡವಾಗಿ ತಲಪಿತು. ಕಾಯಿದೆಯ ಪುಸ್ತಕದಲ್ಲಿ ಹಕ್ಕು ಬಂದೊಡನೆ ಅದು ಮನೆಯ ಬಾಗಿಲಿಗೂ ಬಂತೆಂದು ತಿಳಿಯುವಂತಿಲ್ಲ.

ಆಕ್ಷೇಪವೂ ಸಮಾಧಾನವೂ

ಇದಕ್ಕೆ ಎದುರಾಗಿ ಬರುವ ವಾದವನ್ನು ನಾವು ಹಗುರವಾಗಿ ತಳ್ಳಿಹಾಕಬಾರದು. ಶಾಲೆ, ಆಸ್ಪತ್ರೆ, ರಸ್ತೆ, ಬಾಡಿಗೆ ಇವುಗಳ ಬಗ್ಗೆ ಪಾರ್ಲಿಮೆಂಟು ಮಾಡುವ ನಿರ್ಣಯಗಳ ಫಲವನ್ನು ಅನುಭವಿಸುವವರು ಅಲ್ಲಿ ವಾಸವಾಗಿರುವವರು. ದೂರದಲ್ಲಿ ಕುಳಿತವನು ಅವರ ಮೇಲೆ ಸರ್ಕಾರವನ್ನು ಹೇರಬಹುದೇ? ಅಲ್ಲದೆ ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಮೂವತ್ತು ವರ್ಷದ ಹಿಂದೆ ಬಿಟ್ಟುಬಂದ ಊರು ಹಾಗೆಯೇ ಇದೆಯೆಂದು ಭಾವಿಸಿ ಮತ ಹಾಕುವ ಅಪಾಯವೂ ಇದೆ. ಇಟಲಿಯಲ್ಲಿ 2006ರಲ್ಲಿ ಪರದೇಶದ ಪ್ರಜೆಗಳು ಮೊದಲ ಬಾರಿಗೆ ತಮ್ಮದೇ ಪ್ರತಿನಿಧಿಗಳನ್ನು ಆರಿಸಿದಾಗ, ರೋಮಾನೋ ಪ್ರೋದಿಯವರ ಪಕ್ಷಕೂಟಕ್ಕೆ ಸೆನೆಟ್ಟಿನಲ್ಲಿ ದೊರೆತ ಅತಿ ಸಣ್ಣ ಬಹುಮತಕ್ಕೆ ಹೊರಗಿನ ಸ್ಥಾನಗಳೇ ಆಧಾರವಾದವು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ.

ಆದರೆ ಆಕ್ಷೇಪಕ್ಕೆ ಉತ್ತರ ಹಕ್ಕನ್ನು ಕಿತ್ತುಕೊಳ್ಳುವುದಲ್ಲ, ಹಕ್ಕಿನ ಪ್ರಮಾಣವನ್ನು ಗೊತ್ತುಮಾಡುವುದು. ಬ್ರಿಟನ್ನಿನ ಪದ್ಧತಿಯಲ್ಲಿ ಪರದೇಶದ ಮತದಾರನು ತಾನು ಹಿಂದೆ ಇದ್ದ ಕ್ಷೇತ್ರದಲ್ಲಿಯೇ ಮತ ಹಾಕುತ್ತಾನೆ. ಸುಮಾರು 70 ಸಾವಿರ ಸ್ಥಳೀಯ ಮತದಾರರ ನಡುವೆ ಹೊರಗಿನ ಕೆಲವು ನೂರು ಮಂದಿಯ ದನಿ ಕೇಳಿಸುವುದು ಕಷ್ಟ. ಅಂತರ ಸಣ್ಣದಾದ ಕಡೆ ಅದೇ ಕೆಲವು ನೂರು ಸ್ಥಳೀಯರ ಆಯ್ಕೆಯನ್ನು ಬದಲಿಸಲೂಬಹುದು. ಎರಡೂ ಕಡೆ ನಷ್ಟ. ಫ್ರಾನ್ಸ್ ಬೇರೆ ದಾರಿ ಹಿಡಿದಿದೆ. 2012ರಿಂದ ಅಲ್ಲಿನ ರಾಷ್ಟ್ರೀಯ ಸಭೆಯಲ್ಲಿ 11 ಸ್ಥಾನಗಳು ಪರದೇಶಗಳಲ್ಲಿರುವ ಫ್ರೆಂಚರಿಗೇ ಮೀಸಲು. ಇಟಲಿಯಲ್ಲಿಯೂ 2022ರ ಚುನಾವಣೆಯಿಂದ ಕೆಳಮನೆಯಲ್ಲಿ 8, ಮೇಲ್ಮನೆಯಲ್ಲಿ 4 ಸ್ಥಾನಗಳು ಹೀಗೆ ಮೀಸಲಾಗಿವೆ. ಹೀಗೆ ಮಾಡಿದರೆ ಹೊರಗಿನವರ ಪ್ರಭಾವ ಎಷ್ಟೆಂಬುದು ಎಲ್ಲರಿಗೂ ಕಾಣುತ್ತದೆ, ಅದಕ್ಕೆ ಮೇರೆಯೂ ಇರುತ್ತದೆ. ಪಿಂಚಣಿ ನಿಂತ ವೃದ್ಧನ ಅಹವಾಲನ್ನು ಕೇಳುವುದೇ ಕೆಲಸವಾದ ಒಬ್ಬ ಸದಸ್ಯನೂ ಸಭೆಯಲ್ಲಿ ಇರುತ್ತಾನೆ.

ಮತ್ತೊಂದು ಕಡೆಯನ್ನೂ ಮರೆಯಬಾರದು. ವಾಸವಿರುವ ಊರಿನ ನೀರು, ಚರಂಡಿ, ದೀಪಗಳ ವಿಷಯದಲ್ಲಿ ಆತನಿಗೆ ಅಲ್ಲಿಯೂ ಮಾತಿರಬೇಕು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ? ಒಕ್ಕೂಟದಲ್ಲಿದ್ದಾಗ ಸ್ಪೇನಿನ ಬ್ರಿಟಿಷರು ಅಲ್ಲಿನ ಪುರಸಭೆಗಳ ಚುನಾವಣೆಯಲ್ಲಿ ಮತ ಹಾಕುತ್ತಿದ್ದರು. ಆ ಹಕ್ಕು ಉಳಿಯಲೆಂದು 2019ರ ಜನವರಿಯಲ್ಲಿ ಎರಡು ದೇಶಗಳೂ ಪ್ರತ್ಯೇಕ ಒಪ್ಪಂದಕ್ಕೆ ಸಹಿ ಹಾಕಿದವು. ಇದು ಅನುಕರಣೀಯವಾದ ಕೆಲಸ.

ನಮ್ಮ ದೇಶದ ಮಾತು

ನಮ್ಮ ದೇಶದಲ್ಲಿ ಈ ಪ್ರಶ್ನೆ ಯಾವ ಸ್ಥಿತಿಯಲ್ಲಿದೆ? 2010ರ ತಿದ್ದುಪಡಿಯಂತೆ, ಬೇರೆ ದೇಶದ ಪೌರತ್ವವನ್ನು ಪಡೆಯದ, ಭಾರತದ ಪಾಸ್‌ಪೋರ್ಟುಳ್ಳ ಪ್ರಜೆಯು ಹೊರಗಿದ್ದರೂ ಮತದಾರರ ಪಟ್ಟಿಗೆ ಸೇರಬಹುದು. ವರ್ಷದ ಮಿತಿಯೇನೂ ಇಲ್ಲ. ಆದರೆ ಮತ ಹಾಕಲು ಆತನು ಸ್ವತಃ ತನ್ನ ಮತಗಟ್ಟೆಗೆ ಬಂದು ನಿಲ್ಲಬೇಕು. 2024ರ ಲೋಕಸಭಾ ಚುನಾವಣೆಯಲ್ಲಿ ಹೀಗೆ ಪಟ್ಟಿಯಲ್ಲಿದ್ದವರು 1,19,374 ಮಂದಿ. ಬಂದು ಮತ ಹಾಕಿದವರು 2,958. ಅವರಲ್ಲಿ 2,670 ಮಂದಿ ಕೇರಳ ಒಂದರವರೇ. ಮಕ್ಕಳ ಬಳಿ ಅಮೆರಿಕದಲ್ಲೋ ಆಸ್ಟ್ರೇಲಿಯದಲ್ಲೋ ನೆಲೆಸಿದ ನಮ್ಮ ನಿವೃತ್ತ ನೌಕರರು ಪಿಂಚಣಿಗಾಗಿ ತಾವು ಬದುಕಿರುವ ಬಗ್ಗೆ ಪ್ರತಿ ವರ್ಷ ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ಅಲ್ಲಿಂದಲೇ ಕಳುಹಿಸಲು ಅವಕಾಶವಿದೆ. ಬದುಕಿರುವುದಕ್ಕೆ ದೂರದಿಂದ ಸಾಕ್ಷಿ ಕೊಡಬಹುದಾದರೆ, ಮತವನ್ನೂ ದೂರದಿಂದ ಕೊಡುವ ನಂಬಿಕೆಗೆ ಅರ್ಹವಾದ ಮಾರ್ಗವನ್ನು ಹುಡುಕುವುದು ಅಸಾಧ್ಯವಾಗಲಾರದು.

ಇಷ್ಟರಿಂದ ನಾನು ತಲಪಿದ ನಿರ್ಣಯ ಹೀಗಿದೆ. ಪ್ರಜೆಯು ದೇಶ ಬಿಟ್ಟು ಎಷ್ಟು ವರ್ಷವಾಯಿತೆಂದು ಎಣಿಸುವುದು ಸರಿಯಾದ ಅಳತೆಯಲ್ಲ. ಆ ದೇಶದ ಕಾನೂನಿನ ಕೈ ಅವನನ್ನು ಇನ್ನೂ ಮುಟ್ಟುತ್ತಿದೆಯೇ ಎಂದು ಕೇಳಬೇಕು. ಮುಟ್ಟುತ್ತಿರುವ ತನಕ ಅವನ ದನಿಗೆ ಅಲ್ಲಿ ಒಂದು ಸ್ಥಾನವಿರಬೇಕು. ಆ ಸ್ಥಾನ ಅಲ್ಲಿಯೇ ವಾಸವಾಗಿರುವವರ ದನಿಯನ್ನು ಮುಳುಗಿಸದಂತೆ ಮಿತವಾಗಿರಬೇಕು. ಹದಿನೆಂಟು ತುಂಬಿದೊಡನೆ, ಯಾವ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತದೆ, ಮತದ ಹಕ್ಕನ್ನು ಪಡೆದವರು ನಾವು. ಅದೇ ಹಕ್ಕಿಗಾಗಿ ತೊಂಬತ್ತು ದಾಟಿದ ಮೇಲೂ ನ್ಯಾಯಾಲಯಗಳಿಗೆ ಅಲೆದವರೊಬ್ಬರು ಇದ್ದರೆಂಬುದನ್ನು, ಮುಂದಿನ ಚುನಾವಣೆಯ ದಿನ ರಜೆ ಬಂತೆಂದು ಮನೆಯಲ್ಲಿಯೇ ಉಳಿಯುವ ಮುನ್ನ, ನನ್ನ ಸಹಪಾಠಿಗಳು ಒಮ್ಮೆ ನೆನೆಯಬೇಕೆಂದು ಕೋರುತ್ತೇನೆ.